ಕಚೇರಿಯ ಬಾಗಿಲು, ಮನೆಯ ಬಾಗಿಲು

ಶ್ರೀರಂಗಪಟ್ಟಣದ ಪತನಾನಂತರ, 1799ರಲ್ಲಿ, ಕನ್ನಡ ಜಿಲ್ಲೆಯು ಕಂಪನಿ ಸರ್ಕಾರದ ವಶಕ್ಕೆ ಬಂದು ಥಾಮಸ್ ಮನ್ರೋ ಎಂಬಾತನು ಅದರ ಪ್ರಥಮ ಕಲೆಕ್ಟರನಾಗಿ ನಿಯುಕ್ತನಾದಾಗ, ಈ ಕರಾವಳಿಯಲ್ಲಿ ಆತನ ಗಮನವನ್ನು ವಿಶೇಷವಾಗಿ ಸೆಳೆದ ಸಂಗತಿಗಳಲ್ಲಿ ಶಾನಭೋಗರ ವಶದಲ್ಲಿ ಶೇಖರವಾಗಿದ್ದ ಕಡತಗಳೂ ಒಂದು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದ ಕಡ್ಡಿಯಿಂದ ಬರೆಯುತ್ತಿದ್ದ ಆ ಕಪ್ಪು ಪುಸ್ತಕಗಳನ್ನು ಆಧರಿಸಿಯೇ ಆತನು, ವಿಜಯನಗರದ ಅರಸರ ಕಾಲದ ಕಂದಾಯವೆಷ್ಟು, ಬಿದನೂರಿನ ನಾಯಕರು ಅದರ ಮೇಲೆ ಏರಿಸಿದ್ದೆಷ್ಟು, ಹೈದರನೂ ಟಿಪ್ಪುವೂ ಕೂಡಿಸಿದ್ದೆಷ್ಟು ಎಂಬುದನ್ನು ತನ್ನ 1800ರ ವರದಿಯಲ್ಲಿ ವಿವರಿಸಲು ಸಮರ್ಥನಾದನು. ಪ್ರಭುಗಳು ಹಲವರು ಬದಲಾದರೂ ಲೆಕ್ಕವು ಕೈತಪ್ಪದೆ ಉಳಿದುಬಂದಿತ್ತು. ಆದರೆ ಆ ಲೆಕ್ಕದಲ್ಲಿ ಯಾರ ಹೆಸರಿತ್ತೋ ಆ ಒಕ್ಕಲಿಗೆ ಅದನ್ನು ಓದುವ ಶಕ್ತಿಯೂ ಇರಲಿಲ್ಲ, ತೋರಿಸೆಂದು ಕೇಳುವ ಅಧಿಕಾರವೂ ಇರಲಿಲ್ಲ. ಊರಿನ ಭೂಮಿಯ ವೃತ್ತಾಂತವೆಲ್ಲ ಒಂದು ಮನೆಯ ಅಟ್ಟದ ಮೇಲಿರುವಾಗ, ಆ ಅಟ್ಟದ ಯಜಮಾನನಿಗೆ ಊರಿನಲ್ಲಿ ಎಂಥ ಪ್ರಭುತ್ವವಿರುತ್ತದೆಂಬುದನ್ನು ನಮ್ಮ ಹಿರಿಯರಿಗೆ ಯಾರೂ ಬೋಧಿಸಬೇಕಾಗಿರಲಿಲ್ಲ.

1862ರಲ್ಲಿ ಉತ್ತರ ಕನ್ನಡವು ಮದರಾಸು ಆಧಿಪತ್ಯದಿಂದ ಮುಂಬಯಿಗೆ ಸೇರಿತು. 1956ರಲ್ಲಿ ಮುಂಬಯಿಯಿಂದ ಮೈಸೂರಿಗೆ ಬಂದಿತು. ಕಡತ ಹೋಗಿ ಕಾಗದ ಬಂತು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಎಂಬ ಯೋಜನೆಯ ಮೂಲಕ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದ ತರುವಾಯ, ಕಾಗದದ ಪಹಣಿಯೂ ಚರಿತ್ರೆಗೆ ಸಂದಿತು. ಇಂದು ಭಟ್ಕಳದ ಒಂದು ಗದ್ದೆಯ, ಹೊನ್ನಾವರದ ಒಂದು ಅಡಕೆ ತೋಟದ, ಕುಮಟಾದ ಒಂದು ಗಜನಿಯ ಪಹಣಿಯನ್ನು ಮುಂಬಯಿಯಲ್ಲಿ ಕುಳಿತವನೂ ದುಬೈಯಲ್ಲಿ ಕುಳಿತವನೂ, ತನಗೂ ಆ ಭೂಮಿಗೂ ಯಾವ ಸಂಬಂಧವಿಲ್ಲದಿದ್ದರೂ, ಸರ್ವೆ ನಂಬರೊಂದು ಗೊತ್ತಿದ್ದರೆ ತೆರೆದು ನೋಡಬಹುದು. ಅದರ ಒಂಬತ್ತನೆಯ ಅಂಕಣದಲ್ಲಿ ಖಾತೆದಾರನ ಹೆಸರೂ, ಹನ್ನೊಂದನೆಯದರಲ್ಲಿ ಭೂಮಿಯ ಮೇಲಿನ ಇತರ ಹಕ್ಕು ಮತ್ತು ಋಣಗಳೂ ಬರೆದಿರುತ್ತವೆ. ಎಂದರೆ, ಬೆಳೆಸಾಲವೆಂದು ಸೊಸೈಟಿಯಲ್ಲಿ ತೆಗೆದು ಮಗಳ ಮದುವೆಗೆ ವಿನಿಯೋಗಿಸಿದ ಹಣದ ಸುದ್ದಿಯೂ, ಮದುವೆಯ ಮಾತನ್ನೊಂದು ಬಿಟ್ಟು, ಲೋಕದ ಕಣ್ಣಿಗೆ ತೆರೆದಿರುತ್ತದೆ.

ಒಬ್ಬ ಗೃಹಸ್ಥನ ಸಾಲವನ್ನು ಹೀಗೆ ಊರಿಗೆಲ್ಲ ತೋರಿಸುವುದು ನ್ಯಾಯವೆ ಎಂದು ಕೇಳಬಹುದು. ನ್ಯಾಯವೆಂದೇ ನನ್ನ ಉತ್ತರ. ಅದರ ಕಾರಣವನ್ನು ಕೊಂಚ ಸಾವಕಾಶವಾಗಿ ವಿಚಾರಿಸುವುದು ಒಳ್ಳೆಯದು, ಏಕೆಂದರೆ ಈ ಲೇಖನದ ಮುಂದಿನ ಮಾತುಗಳೆಲ್ಲ ಅದನ್ನೇ ಅವಲಂಬಿಸಿವೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೆಯ ಕಲಮಿನ ಪ್ರಕಾರ, ಹಕ್ಕುದಾಖಲೆಯಲ್ಲಿ ಬರೆದದ್ದು ಸುಳ್ಳೆಂದು ಸಿದ್ಧವಾಗುವ ಪರ್ಯಂತ ನಿಜವೆಂದೇ ಭಾವಿಸತಕ್ಕದ್ದು. ಆ ಬರವಣಿಗೆಯು ಹೀಗೆ ಲೋಕವನ್ನೆಲ್ಲ ಕಟ್ಟಿಹಾಕುವುದಾದರೆ, ಲೋಕಕ್ಕೆ ಅದನ್ನು ನೋಡುವ ಹಕ್ಕು ಸಹಜವಾಗಿಯೇ ಬರುತ್ತದೆ. ಭೂಮಿಯನ್ನು ಕೊಳ್ಳಬಂದವನು ಅದರ ಮೇಲಿನ ಋಣವನ್ನು ತಿಳಿಯದೆ ಮೋಸಹೋಗಬಾರದು. ಅಣ್ಣನು ಊರಲ್ಲಿದ್ದು ತಮ್ಮನು ಕೊಲ್ಲಿ ದೇಶದಲ್ಲಿರುವಾಗ, ತಮ್ಮನ ಹೆಸರು ಪಹಣಿಯಿಂದ ಮಾಯವಾದರೆ ಅದು ಅವನಿಗೆ ಗೊತ್ತಾಗಬೇಕು. ಮ್ಯುಟೇಶನ್ನಿನ ನೋಟೀಸನ್ನು ಚಾವಡಿಯಲ್ಲಿ ಹಚ್ಚಿ ಆಕ್ಷೇಪಣೆಗೆ ಕಾಲಾವಕಾಶ ಕೊಡುವುದೂ ಇದೇ ನಿಮಿತ್ತ. ಇಷ್ಟಾಗಿಯೂ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇತ್ತೀಚಿನ ವರ್ಷಗಳಲ್ಲಿ ಕಂದಾಯ ಇಲಾಖೆಯು ಪಹಣಿಗೆ ಆಧಾರ್ ಜೋಡಿಸುವ ಕಾರ್ಯವನ್ನು ಕೈಗೊಂಡಿತಾದರೂ, ಆ ಸಂಖ್ಯೆಯನ್ನು ಪಹಣಿಯ ಮೇಲೆ ಅಚ್ಚುಹಾಕುವುದಿಲ್ಲ. ಭೂಮಿ ಯಾರದೆಂದು ತಿಳಿಯಬೇಕಾದವನಿಗೆ ಹೆಸರು ಬೇಕು, ಋಣ ಬೇಕು. ಆಧಾರ್ ಸಂಖ್ಯೆಯಿಂದ ಅವನಿಗೆ ಆಗಬೇಕಾದದ್ದೇನೂ ಇಲ್ಲ. ಯಾವ ಉದ್ದೇಶಕ್ಕಾಗಿ ತೆರೆಯುತ್ತೇವೋ ಆ ಉದ್ದೇಶಕ್ಕೆ ಬೇಕಾದಷ್ಟನ್ನು ತೆರೆದು ಉಳಿದುದನ್ನು ಮುಚ್ಚಿಡುವ ಈ ವಿವೇಕವು ಪಹಣಿಯ ವಿಷಯದಲ್ಲಿ ನಮ್ಮ ಆಡಳಿತಕ್ಕೆ ಸಿದ್ಧಿಸಿದೆ. ಬೇರೆ ಕಡೆ ಸಿದ್ಧಿಸಿದೆಯೆ ಎಂಬುದು ಪ್ರಶ್ನೆ.

ಸರ್ಕಾರದ ಕಾಗದಪತ್ರಗಳು ಪ್ರಜೆಗೆ ಸಲ್ಲತಕ್ಕವಲ್ಲವೆಂಬ ಭಾವನೆಯು ನಮ್ಮಲ್ಲಿ ಬಹುಕಾಲ ಬಲವಾಗಿತ್ತು. 1923ರಲ್ಲಿ ಬ್ರಿಟಿಷರು ವಿಧಿಸಿದ ಅಧಿಕೃತ ರಹಸ್ಯಗಳ ಅಧಿನಿಯಮವು ಸ್ವಾತಂತ್ರ್ಯ ಬಂದ ಮೇಲೂ ಜೀವಂತವಾಗಿ ಉಳಿಯಿತು. ಸ್ವೀಡನ್ ದೇಶವು 1766ರಷ್ಟು ಹಿಂದೆಯೇ ತನ್ನ ಕಚೇರಿಗಳ ಕಾಗದವನ್ನು ಪ್ರಜೆಗಳಿಗೆ ತೆರೆದಿತ್ತೆಂಬುದನ್ನು ನೆನೆದರೆ ನಮ್ಮ ವಿಲಂಬದ ಪ್ರಮಾಣ ತಿಳಿಯುತ್ತದೆ. 1975ರಲ್ಲಿ ರಾಜನಾರಾಯಣರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಅವರು, ಸಾರ್ವಜನಿಕ ಅಧಿಕಾರಿಗಳು ಸಾರ್ವಜನಿಕವಾಗಿ ಮಾಡುವ ಪ್ರತಿಯೊಂದು ಕಾರ್ಯವನ್ನೂ ತಿಳಿಯುವ ಹಕ್ಕು ಈ ದೇಶದ ಜನರಿಗುಂಟೆಂದು ಸಾರಿದರು. ಮುಂದೆ ಆ ತತ್ತ್ವಕ್ಕೆ ಕೈಕಾಲು ಬಂದದ್ದು ರಾಜಸ್ಥಾನದ ಹಳ್ಳಿಗಳಲ್ಲಿ. ಬರಗಾಲದ ಕಾಮಗಾರಿಯ ಹಾಜರಿಪಟ್ಟಿಯಲ್ಲಿ ಕೂಲಿ ಪಡೆದರೆಂದು ಬರೆದಿದ್ದ ಹೆಸರುಗಳನ್ನು, ಅರುಣಾ ರಾಯ್ ಮೊದಲಾದವರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಿಂದ ಊರ ಸಭೆಯಲ್ಲಿ ಗಟ್ಟಿಯಾಗಿ ಓದಿಸಿದಾಗ, ಸತ್ತವರೂ ಊರು ಬಿಟ್ಟವರೂ ಮಣ್ಣು ಹೊತ್ತಿದ್ದ ಸಂಗತಿ ಬೆಳಕಿಗೆ ಬಂದಿತು. ತಮಿಳುನಾಡೂ ನಮ್ಮ ನೆರೆಯ ಗೋವೆಯೂ 1997ರಲ್ಲಿ, ಕರ್ನಾಟಕವು 2000ದಲ್ಲಿ ತಂತಮ್ಮ ಮಾಹಿತಿ ಹಕ್ಕಿನ ಕಾನೂನುಗಳನ್ನು ಮಾಡಿಕೊಂಡವು. ಇಡಿಯ ದೇಶಕ್ಕೆ ಅನ್ವಯಿಸುವ ಮಾಹಿತಿ ಹಕ್ಕು ಅಧಿನಿಯಮಕ್ಕೆ 2005ರ ಜೂನ್ 15ರಂದು ರಾಷ್ಟ್ರಪತಿಗಳ ಅಂಕಿತ ದೊರೆತು, ಅದೇ ವರ್ಷದ ಅಕ್ಟೋಬರ್ 12ರಿಂದ ಅದು ಸಂಪೂರ್ಣವಾಗಿ ಜಾರಿಗೆ ಬಂದಿತು.

ಅದರ ವಿಧಾನ ಸರಳವಾದುದು. 10 ರೂಪಾಯಿಯ ಪೋಸ್ಟಲ್ ಆರ್ಡರನ್ನು ಲಗತ್ತಿಸಿ ಅರ್ಜಿ ಬರೆದರೆ ಸಾಕು. ಬಿಪಿಎಲ್ ಕುಟುಂಬದವರಿಗೆ ಆ ಶುಲ್ಕವೂ ಇಲ್ಲ. ಏತಕ್ಕೆ ಬೇಕೆಂದು ಕೇಳುವ ಅಧಿಕಾರ ಕಚೇರಿಗೆ ಇಲ್ಲ. 30 ದಿನಗಳೊಳಗೆ ಉತ್ತರ ಬರತಕ್ಕದ್ದು. ಪ್ರಾಣಕ್ಕೋ ಸ್ವಾತಂತ್ರ್ಯಕ್ಕೋ ಸಂಬಂಧಿಸಿದುದಾದರೆ 48 ಗಂಟೆಗಳೊಳಗೆ. ಅವಧಿ ಮೀರಿದ ಮೇಲೆ ಕೊಡುವ ಮಾಹಿತಿಗೆ ಹಣ ತೆಗೆದುಕೊಳ್ಳಕೂಡದು. ನಿಷ್ಕಾರಣವಾಗಿ ತಡಮಾಡಿದ ಅಧಿಕಾರಿಯು ದಿನವೊಂದಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ತನ್ನ ಸ್ವಂತ ಸಂಬಳದಿಂದ ದಂಡ ತೆರಬೇಕಾದೀತು. ಗ್ರಾಮಪಂಚಾಯತಿಯಲ್ಲಿ ಪಿಡಿಒ ಅವರೇ ಮಾಹಿತಿ ಅಧಿಕಾರಿಗಳು. ತಾಲೂಕು ಕಚೇರಿಯ ಉತ್ತರ ಸಮಾಧಾನ ತರದಿದ್ದರೆ ಭಟ್ಕಳ, ಹೊನ್ನಾವರದವರು ಭಟ್ಕಳದ ಉಪವಿಭಾಗಾಧಿಕಾರಿಗಳಿಗೂ, ಕುಮಟಾದವರು ಕುಮಟಾದ ಉಪವಿಭಾಗಾಧಿಕಾರಿಗಳಿಗೂ ಮೇಲ್ಮನವಿ ಸಲ್ಲಿಸಬೇಕು. ಅಲ್ಲಿಯೂ ಆಗದಿದ್ದರೆ ಕರ್ನಾಟಕ ಮಾಹಿತಿ ಆಯೋಗವಿದೆ. ಅರ್ಜಿಯು ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದಗಳನ್ನು ಮೀರಬಾರದು ಎಂದು ನಮ್ಮ ರಾಜ್ಯದ ನಿಯಮಗಳು ಹೇಳುತ್ತವೆ. ನಮ್ಮ ಸರ್ಕಾರಿ ಸುತ್ತೋಲೆಗಳಿಗೂ ಇಂಥದೊಂದು ಮಿತಿಯನ್ನು ವಿಧಿಸಿದ್ದರೆ ಭಾಷೆಗೆ ಎಷ್ಟೋ ಉಪಕಾರವಾಗುತ್ತಿತ್ತು.

ಈ ಕಾನೂನಿನ ಪ್ರಯೋಜನವನ್ನು ನಮ್ಮ ಸೀಮೆಯಲ್ಲಿ ಅರಣ್ಯದ ಅಂಚಿನಲ್ಲಿ ಬದುಕುವವರಷ್ಟು ಸ್ಪಷ್ಟವಾಗಿ ಬೇರೆ ಯಾರೂ ಕಂಡಿರಲಾರರು. ಕಡಲಿಗೂ ಘಟ್ಟಕ್ಕೂ ನಡುವಿನ ಕಿರಿದಾದ ಪಟ್ಟಿಯಲ್ಲಿ, ಬಹುಭಾಗವೆಲ್ಲ ಅರಣ್ಯವೆಂದು ನಕಾಶೆಯಲ್ಲಿ ಬರೆದಿರುವ ಜಿಲ್ಲೆಯಲ್ಲಿ, ಅಜ್ಜನ ಕಾಲದಿಂದ ಗದ್ದೆ ಮಾಡಿಕೊಂಡಿದ್ದವನಿಗೂ ಅತಿಕ್ರಮಣದಾರನೆಂಬ ಹೆಸರು ತಪ್ಪಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯು ಇಂಥವರಿಗೆ ಹಕ್ಕು ಕೊಡುವುದೆಂದು ಹೇಳಿತಾದರೂ, ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ, ವಾಸವನ್ನು ರುಜುವಾತುಪಡಿಸಬೇಕೆಂದು ವಿಧಿಸಿತು. ಸೋಗೆಮನೆಯಲ್ಲಿ ಮಳೆಗಾಲ ಕಳೆದವನು 1930ರ ಕಾಗದವನ್ನು ಎಲ್ಲಿಂದ ತರಬೇಕು? ತರಬಹುದಾದ ಸ್ಥಳವೊಂದೇ: ಸರ್ಕಾರದ ಕಪಾಟು. ಗ್ಯಾಝೆಟಿಯರು, ಜನಗಣತಿ, ಸರ್ವೆ ಸೆಟ್ಲ್‌ಮೆಂಟಿನ ದಾಖಲೆ, ನ್ಯಾಯಾಲಯದ ಕಾಗದ ಇವೆಲ್ಲ ಸಾಕ್ಷ್ಯವಾಗಬಲ್ಲವೆಂದು ಕಾಯಿದೆಯ ನಿಯಮಗಳೇ ಹೇಳುತ್ತವೆ. ಇದರಲ್ಲೊಂದು ವಿಧಿವಿಲಾಸವುಂಟು. ಹಿಂದೊಮ್ಮೆ ಅರಣ್ಯ ಇಲಾಖೆಯು ಯಾವನ ಅಜ್ಜನ ಮೇಲೆ ಅತಿಕ್ರಮಣದ ಮೊಕದ್ದಮೆ ಹೂಡಿ ದಂಡ ಹಾಕಿತ್ತೋ, ಆ ದಂಡದ ದಾಖಲೆಯೇ ಇಂದು ಆ ಮನೆತನವು ಅಲ್ಲಿ ಇತ್ತೆಂಬುದಕ್ಕೆ ಅಲ್ಲಗಳೆಯಲಾಗದ ಸಾಕ್ಷಿ. ಅದು ಇಲಾಖೆಯ ಹಳೆಯ ರಿಜಿಸ್ಟರಿನಲ್ಲಿ ಧೂಳು ತಿನ್ನುತ್ತಿದ್ದರೆ ಪ್ರಯೋಜನವಿಲ್ಲ. 10 ರೂಪಾಯಿಯ ಅರ್ಜಿಯೊಂದು ಅದನ್ನು ಹೊರಕ್ಕೆ ತರಬಲ್ಲುದು. ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಗೆ ಇರುವುದು 60 ದಿನಗಳು; ತಿರಸ್ಕಾರಕ್ಕೆ ಕಾರಣವೇನೆಂಬ ಕಾಗದ ಕೈಸೇರದೆ ಆ ದಿನಗಳು ಕಳೆದುಹೋದರೆ ಹಕ್ಕು ಇದ್ದೂ ಇಲ್ಲದಂತೆ.

ಕೇಳಿದ ಮೇಲೆ ಕೊಡುವುದಕ್ಕಿಂತ ಕೇಳದೆಯೇ ಪ್ರಕಟಿಸುವುದು ಶ್ರೇಷ್ಠ. ಮಾಹಿತಿ ಹಕ್ಕು ಅಧಿನಿಯಮದ 4ನೆಯ ಕಲಮು 17 ಬಗೆಯ ವಿಷಯಗಳನ್ನು ಪ್ರತಿಯೊಂದು ಕಚೇರಿಯೂ ತಾನಾಗಿಯೇ ಪ್ರಕಟಿಸತಕ್ಕದ್ದೆಂದು ವಿಧಿಸಿದೆ. ನೆರೆಯ ಅಂಕೋಲಾ ತಾಲೂಕಿನ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಅರಣ್ಯಾಧಿಕಾರಿಗಳು ಸುಮಾರು 8 ಲಕ್ಷ ಟನ್ ಕಬ್ಬಿಣದ ಅದಿರನ್ನು ಜಪ್ತು ಮಾಡಿದರು. ಜಪ್ತಾದ ಅದಿರಿನ ಬಹುಭಾಗವೇ ಅನಂತರ ಹಡಗೇರಿ ಹೋಯಿತು. ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2011ರ ಜುಲೈಯಲ್ಲಿ ಸಲ್ಲಿಸಿದ ಗಣಿ ವರದಿಯ ತನಕ, ಆ ಬಂದರಿಗೆ ಎಷ್ಟು ಲಾರಿ ಬಂದವು, ಎಷ್ಟಕ್ಕೆ ಪರವಾನಿಗೆಯಿತ್ತು ಎಂಬ ಲೆಕ್ಕವು ಹೆದ್ದಾರಿಯ ಕೆಂಪು ಧೂಳನ್ನು ನಿತ್ಯ ಕುಡಿಯುತ್ತಿದ್ದ ಜನರಿಗೆ ಸಮಗ್ರವಾಗಿ ದೊರೆಯಲಿಲ್ಲ. ಬಂದರಿನ ದಿನವಹಿಯು ದಿನವೂ ಪ್ರಕಟವಾಗುತ್ತಿದ್ದರೆ ಅಷ್ಟು ದೊಡ್ಡ ಗುಡ್ಡೆ ಕರಗುವುದು ಕಷ್ಟವಾಗುತ್ತಿತ್ತೆಂದು ಭಾವಿಸಿದರೆ ತಪ್ಪಾಗಲಾರದು.

ಇತ್ತೀಚಿನ ಉದಾಹರಣೆ ಬೇಕಾದರೆ ಶರಾವತಿಯದು. 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ 2025ರ ಸೆಪ್ಟೆಂಬರಿನಲ್ಲಿ ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ ಪರಿಸರ ಕುರಿತ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಇಂಥ ಸಭೆಗೆ 30 ದಿನಗಳ ಮುಂಚೆ ನೋಟೀಸು ಕೊಡಬೇಕು, ಪರಿಸರ ಪರಿಣಾಮದ ವರದಿಯನ್ನು ನಿಯತ ಕಚೇರಿಗಳಲ್ಲಿ ಇಡಬೇಕು, ಅದರ ಸಾರಾಂಶವು ನಾಡಭಾಷೆಯಲ್ಲಿಯೂ ಇರಬೇಕು ಎಂದು 2006ರ ಅಧಿಸೂಚನೆ ಹೇಳುತ್ತದೆ. ಸಾರಾಂಶ ಮಾತ್ರ! ನದಿಯ ದಂಡೆಯಲ್ಲಿ ಹುಟ್ಟಿ ಬೆಳೆದವನಿಗೆ ನದಿಯ ಭವಿಷ್ಯವನ್ನು ಸಂಕ್ಷೇಪವಾಗಿ ಕನ್ನಡದಲ್ಲಿಯೂ ಸವಿಸ್ತಾರವಾಗಿ ಇಂಗ್ಲಿಷಿನಲ್ಲಿಯೂ ತಿಳಿಸುವ ಈ ಪದ್ಧತಿಗೆ ಕಾನೂನಿನ ಆಧಾರವಿದ್ದರೂ ಔಚಿತ್ಯವಿಲ್ಲ.

ಇದಿಷ್ಟು ಕಚೇರಿಯ ಬಾಗಿಲಿನ ಮಾತು. ಮನೆಯ ಬಾಗಿಲಿನ ವಿಷಯದಲ್ಲಿ ಕನ್ನಡಿಗರೊಬ್ಬರ ಹೆಸರು ಈ ದೇಶದ ನ್ಯಾಯಚರಿತ್ರೆಯಲ್ಲಿ ಶಾಶ್ವತವಾಗಿ ನಿಂತಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 1926ರಲ್ಲಿ ಜನಿಸಿದವರು. ವಿಶ್ರಾಂತಿಗೆ ಯೋಗ್ಯವಾದ ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಸಂಸತ್ತಿನ ಕಾನೂನಿನ ಬಲವಿಲ್ಲದೆಯೇ ಕೋಟ್ಯಂತರ ಜನರ ಬೆರಳಚ್ಚನ್ನೂ ಕಣ್ಣಿನ ಗುರುತನ್ನೂ ಸಂಗ್ರಹಿಸುತ್ತಿದ್ದ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಖಾಸಗಿತನವೆಂಬ ಹಕ್ಕು ಸಂವಿಧಾನದಲ್ಲಿ ಎಲ್ಲಿಯೂ ಇಲ್ಲವೆಂದು ಸರ್ಕಾರವು ವಾದಿಸಿತು. 1954ರ ಎಂಟು ನ್ಯಾಯಾಧೀಶರ ತೀರ್ಪನ್ನೂ 1962ರ ಆರು ನ್ಯಾಯಾಧೀಶರ ತೀರ್ಪನ್ನೂ ಅದಕ್ಕೆ ಬೆಂಬಲವಾಗಿ ಉದಾಹರಿಸಿತು. ಆ ತೀರ್ಪುಗಳನ್ನು ಪುನರ್ವಿಮರ್ಶಿಸಲು ಒಂಬತ್ತು ನ್ಯಾಯಾಧೀಶರ ಪೀಠವೇ ಕೂರಬೇಕಾಯಿತು. ನಮ್ಮ ಕರಾವಳಿಯ ಬೆಳುವಾಯಿಯವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರರೂ ಇದ್ದ ಆ ಪೀಠವು 2017ರ ಆಗಸ್ಟ್ 24ರಂದು, ಖಾಸಗಿತನವು ಜೀವಿಸುವ ಹಕ್ಕಿನ ಅವಿಭಾಜ್ಯ ಅಂಗವೆಂದು ಏಕಕಂಠದಿಂದ ತೀರ್ಪಿತ್ತಿತು. ಸರ್ಕಾರವು ಆ ಹಕ್ಕಿನಲ್ಲಿ ಪ್ರವೇಶಿಸಬಾರದೆಂದಲ್ಲ. ಪ್ರವೇಶಿಸುವುದಾದರೆ ಒಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶವಿರಬೇಕು, ಆ ಉದ್ದೇಶಕ್ಕೆ ಬೇಕಾದಷ್ಟು ಮಾತ್ರವೇ ಪ್ರವೇಶಿಸಬೇಕು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, ತಮ್ಮ 98ನೆಯ ವಯಸ್ಸಿನಲ್ಲಿ ನಿಧನರಾದರು.

ಆ ತೀರ್ಪು ಬಂದು ಮೂರು ವರ್ಷ ತುಂಬುವ ಮೊದಲೇ ಅದರ ಪರೀಕ್ಷೆಯ ಕಾಲ ಬಂದಿತು. ಉತ್ತರ ಕನ್ನಡದಲ್ಲಿ ಆ ಪರೀಕ್ಷೆ ಮೊದಲು ಎದುರಾದದ್ದು ಭಟ್ಕಳಕ್ಕೆ. ತಲೆಮಾರುಗಳಿಂದ ಕೊಲ್ಲಿ ದೇಶಗಳ ದುಡಿಮೆಯನ್ನು ನಂಬಿದ ಊರದು. 2020ರ ಮಾರ್ಚಿನಲ್ಲಿ ಜಿಲ್ಲೆಯ ಮೊದಲ ಕೊರೋನಾ ಪ್ರಕರಣಗಳು ಅಲ್ಲಿಯೇ, ಪರದೇಶದಿಂದ ಮರಳಿದವರಲ್ಲಿ, ಕಾಣಿಸಿಕೊಂಡವು. ಅದೇ ತಿಂಗಳ ಕೊನೆಯಲ್ಲಿ ರಾಜ್ಯ ಸರ್ಕಾರವು ಮನೆಯಲ್ಲೇ ದಿಗ್ಬಂಧನದಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ಜಿಲ್ಲಾವಾರಾಗಿ ಬಹಿರಂಗಪಡಿಸಿತು. ದಿಗ್ಬಂಧಿತರ ಕೈಗೆ ಅಳಿಸಲಾಗದ ಶಾಯಿಯ ಮುದ್ರೆ ಬಿತ್ತು, ಮನೆಯ ಬಾಗಿಲಿಗೆ ಚೀಟಿ ಬಿತ್ತು, ಮನೆಯಲ್ಲಿಯೇ ಇದ್ದೇವೆಂಬುದಕ್ಕೆ ಗಂಟೆಗೊಮ್ಮೆ ತಮ್ಮ ಭಾವಚಿತ್ರವನ್ನು ತಾವೇ ತೆಗೆದು ಕಳುಹಿಸಬೇಕೆಂಬ ಆಜ್ಞೆಯೂ ಹೊರಟಿತು. ಸಾಂಕ್ರಾಮಿಕ ರೋಗದ ಕಾಲದಲ್ಲಿ ಸರ್ಕಾರವು ಕಠಿನವಾಗಬಾರದೆಂದು ಯಾರೂ ಹೇಳರು. ರೋಗಿಯ ವಿಳಾಸವು ವೈದ್ಯನಿಗೆ ಗೊತ್ತಿರಬೇಕು, ಆಶಾ ಕಾರ್ಯಕರ್ತೆಗೆ ಗೊತ್ತಿರಬೇಕು, ತಹಶೀಲ್ದಾರರಿಗೂ ಗೊತ್ತಿರಬೇಕು. ಬೀದಿಗೆ ಗೊತ್ತಾಗಿ ಸಾಧಿಸುವುದೇನು?

ಪ್ರತಿದಿನದ ಆರೋಗ್ಯ ಪ್ರಕಟಣೆಯಲ್ಲಿ ಹೆಸರು ಇರುತ್ತಿರಲಿಲ್ಲವೆಂಬುದು ನಿಜ. ರೋಗಿಗೊಂದು ಸಂಖ್ಯೆ, ವಯಸ್ಸು, ಗಂಡೋ ಹೆಣ್ಣೋ ಎಂಬ ವಿವರ, ಎಲ್ಲಿಂದ ಬಂದವರು, ಯಾರ ಸಂಪರ್ಕ, ಇಷ್ಟು ಮಾತ್ರ. ಬೆಂಗಳೂರಿನಂಥ ಕೋಟಿ ಜನರ ನಗರದಲ್ಲಿ ಇಷ್ಟರಿಂದ ಯಾರನ್ನೂ ಗುರುತಿಸಲಾಗದು. ಆದರೆ ಯಾವ ಮನೆಯ ಹುಡುಗನು ಯಾವ ವಿಮಾನಕ್ಕೆ ಬಂದನೆಂದು ಇಡೀ ಕೇರಿಗೆ ಗೊತ್ತಿರುವ ಊರಿನಲ್ಲಿ, ವಯಸ್ಸು ಮತ್ತು ಪ್ರಯಾಣದ ವಿವರವನ್ನು ಕೊಟ್ಟ ಮೇಲೆ ಹೆಸರನ್ನು ಮುಚ್ಚಿಟ್ಟು ಫಲವೇನು? ರಾಜಧಾನಿಯಲ್ಲಿ ಕುಳಿತು ಮಾಡುವ ನಿಯಮಗಳು ಊರು ಸಣ್ಣದಾದಷ್ಟೂ ಬೇರೆಯೇ ಪರಿಣಾಮವನ್ನು ಬೀರುತ್ತವೆ ಎಂಬುದನ್ನು ನಮ್ಮ ಆಡಳಿತಗಾರರು ಇನ್ನೂ ಕಲಿಯಬೇಕಾಗಿದೆ. ಊರ ಬಾಯಿಗೆ ಸಿಕ್ಕಿದ್ದು ಬರಿಯ ರೋಗಿಯಷ್ಟೇ ಅಲ್ಲ. ಭಟ್ಕಳವೆಂಬ ಊರಿನ ಹೆಸರಿಗೇ ಆ ದಿನಗಳಲ್ಲಿ ಒಂದು ಕಳಂಕ ಅಂಟಿಕೊಂಡಿತು.

ಇದರ ಜತೆಗೆ, ಆ ಕಾಲದಲ್ಲಿ ಜನರು ನಿಜವಾಗಿ ತಿಳಿಯಬೇಕಾಗಿದ್ದುದೇನೆಂದು ಕೇಳಿಕೊಳ್ಳೋಣ. ಗಂಭೀರ ಕಾಯಿಲೆ ಬಂದರೆ ಮಣಿಪಾಲಕ್ಕೋ ಮಂಗಳೂರಿಗೋ ಗೋವೆಗೋ ಓಡಬೇಕಾದ ಜಿಲ್ಲೆಯ ಜನರಿಗೆ, ತಾಲೂಕು ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಖಾಲಿಯಿವೆ, ವೆಂಟಿಲೇಟರು ಎಷ್ಟು, ಅವುಗಳಲ್ಲಿ ನಡೆಯುವವೆಷ್ಟು, ಕಾರವಾರದಲ್ಲಿ ಏನು ವ್ಯವಸ್ಥೆಯಿದೆ, ಖರೀದಿಗೆಂದು ಬಂದ ಹಣವೆಷ್ಟು, ಹೋದದ್ದು ಎಲ್ಲಿಗೆ ಎಂಬುದು ಬೇಕಾಗಿತ್ತು. ಇವು ಸರ್ಕಾರದ ಸಂಗತಿಗಳು. ಇವನ್ನು ಬೀದಿಬೀದಿಯಲ್ಲಿ ಹಚ್ಚಿದ್ದರೂ ಯಾರ ಮಾನಕ್ಕೂ ಕುಂದಾಗುತ್ತಿರಲಿಲ್ಲ. ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರ್ 9ರಂದು, ಸಮರ್ಥ ಅಧಿಕಾರಿಯ ವಿಶೇಷ ಆದೇಶವಿಲ್ಲದೆ ರೋಗಿಗಳ ಮನೆಯ ಮುಂದೆ ಭಿತ್ತಿಪತ್ರ ಹಚ್ಚಕೂಡದೆಂದು ಹೇಳಿತು. ಮರುವರ್ಷದ ಜನವರಿ 25ರಂದು ನಮ್ಮ ಉಚ್ಚ ನ್ಯಾಯಾಲಯವು, ಆರೋಗ್ಯ ಸೇತು ಎಂಬ ಮೊಬೈಲ್ ಸಾಧನದ ಮೂಲಕ ಸಂಗ್ರಹಿಸಿದ ವಿವರಗಳನ್ನು ಬಳಕೆದಾರನ ತಿಳಿವಳಿಕೆಯ ಸಮ್ಮತಿಯಿಲ್ಲದೆ ಇತರರೊಡನೆ ಹಂಚಿಕೊಳ್ಳದಂತೆ ಮಧ್ಯಂತರ ಆದೇಶವಿತ್ತಿತು. ಎರಡೂ ಒಳ್ಳೆಯ ಮಾತುಗಳೇ. ಆದರೆ ಮೊದಲ ಚೀಟಿ ಹಚ್ಚಿ ಆಗಲೇ ಎಷ್ಟೋ ತಿಂಗಳು ಕಳೆದಿದ್ದವು.

ಈಗ ಎರಡು ಹಕ್ಕುಗಳೂ ಸಂಧಿಸುವ ಸ್ಥಾನಕ್ಕೆ ಬರೋಣ. ಮಾಹಿತಿ ಹಕ್ಕು ಅಧಿನಿಯಮವನ್ನು ರಚಿಸಿದವರು ಖಾಸಗಿತನವನ್ನು ಮರೆತಿರಲಿಲ್ಲ. ಅದರ 8(1)(ಜೆ) ಕಲಮು ಮೂಲರೂಪದಲ್ಲಿ ಹೀಗಿತ್ತು: ಸಾರ್ವಜನಿಕ ಕಾರ್ಯಕ್ಕಾಗಲಿ ಹಿತಕ್ಕಾಗಲಿ ಸಂಬಂಧವಿಲ್ಲದ, ಅಥವಾ ವ್ಯಕ್ತಿಯ ಖಾಸಗಿತನದ ಮೇಲೆ ಅನಗತ್ಯವಾದ ಆಕ್ರಮಣವಾಗುವಂಥ ವೈಯಕ್ತಿಕ ಮಾಹಿತಿಯನ್ನು ಕೊಡಬೇಕಾಗಿಲ್ಲ, ಆದರೆ ವಿಶಾಲವಾದ ಸಾರ್ವಜನಿಕ ಹಿತವು ಬೇಡುವುದಾದರೆ ಕೊಡಬಹುದು, ಸಂಸತ್ತಿಗೋ ಶಾಸನಸಭೆಗೋ ನಿರಾಕರಿಸಲಾಗದ ಮಾಹಿತಿಯನ್ನು ಸಾಮಾನ್ಯ ಪ್ರಜೆಗೂ ನಿರಾಕರಿಸಕೂಡದು. ಈ ಕಡೆಯ ವಾಕ್ಯವು ಬಹು ಉದಾತ್ತವಾದುದು. ವಿಧಾನಸಭೆಯಲ್ಲಿ ಶಾಸಕನು ಕೇಳಿ ಪಡೆಯಬಹುದಾದ ಉತ್ತರಕ್ಕೆ, ಅವನಿಗೆ ಮತ ಕೊಟ್ಟ ಬೆಸ್ತನೂ ಭಾಜನನೆಂದು ಅದು ಹೇಳುತ್ತಿತ್ತು.

2012ರಲ್ಲಿ ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸರ್ಕಾರಿ ನೌಕರನಿಗೆ ಕೊಟ್ಟ ಮೆಮೊ, ಅವನ ಮೇಲಿನ ಶಿಸ್ತುಕ್ರಮ, ಅವನ ಆಸ್ತಿಯ ವಿವರ ಇವೆಲ್ಲ ವೈಯಕ್ತಿಕ ಮಾಹಿತಿಯೆಂದು ನಿರ್ಣಯಿಸಿದ ಮೇಲೆ, ಕಚೇರಿಗಳಿಗೆ ಒಂದು ಸಿದ್ಧ ಉತ್ತರ ದೊರೆತಂತಾಯಿತು. ನೌಕರನ ಕಾಯಿಲೆಯ ಕಾಗದ ಅವನ ಖಾಸಗಿ ವಿಷಯವೆಂಬುದನ್ನು ನಾನು ಒಪ್ಪುತ್ತೇನೆ. ಸಾರ್ವಜನಿಕರ ಕೆಲಸದಲ್ಲಿ ತಪ್ಪಿದ್ದಕ್ಕಾಗಿ ಅವನಿಗೆ ಕೊಟ್ಟ ಮೆಮೊ ಹೇಗೆ ಖಾಸಗಿಯಾದೀತೆಂಬುದು ನನಗೆ ಅರ್ಥವಾಗದ ಸಂಗತಿ. ತದನಂತರ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಬಂದಿತು. ನಮ್ಮ ಫೋನು ನಂಬರನ್ನೂ ಆರೋಗ್ಯದ ವಿವರವನ್ನೂ ಸಂತೆಯ ಸರಕಾಗಿ ಮಾರುವ ಕಂಪನಿಗಳ ಮೇಲೆ ನಿಯಂತ್ರಣ ಹಾಕುವ ಉದ್ದೇಶ ಸ್ತುತ್ಯವೇ ಸರಿ. ಆದರೆ ಅದರ 44ನೆಯ ಕಲಮಿನ ಮೂರನೆಯ ಉಪಕಲಮು 8(1)(ಜೆ)ಯ ಷರತ್ತುಗಳನ್ನೆಲ್ಲ ಅಳಿಸಿ, ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದುದನ್ನು ಕೊಡಬೇಕಾಗಿಲ್ಲವೆಂಬಷ್ಟನ್ನು ಮಾತ್ರ ಉಳಿಸಿತು. 2025ರ ನವೆಂಬರಿನಲ್ಲಿ ನಿಯಮಗಳೊಡನೆ ಈ ತಿದ್ದುಪಡಿಯೂ ಜಾರಿಗೆ ಬಂದಿದೆ. ಶಾಸನಸಭೆಗೂ ಪ್ರಜೆಗೂ ಸಮಾನತೆಯನ್ನು ಸಾರಿದ ಆ ವಾಕ್ಯವೂ ಅದರೊಡನೆ ಹೋಯಿತು.

ಹೆಸರು ಎಂಬುದೇ ವೈಯಕ್ತಿಕ ಮಾಹಿತಿಯಾದರೆ, ಹೆಸರಿಲ್ಲದ ಸರ್ಕಾರಿ ಕಾಗದ ಯಾವುದುಂಟು? ಪಡಿತರದ ಪಟ್ಟಿಯಲ್ಲಿ ಹೆಸರುಂಟು, ಮನೆ ಮಂಜೂರಾದವರ ಪಟ್ಟಿಯಲ್ಲಿ ಹೆಸರುಂಟು, ರಸ್ತೆಯ ಗುತ್ತಿಗೆದಾರನಿಗೆ ಹೆಸರುಂಟು, ಬಿಲ್ಲಿಗೆ ರುಜು ಹಾಕಿದ ಇಂಜಿನಿಯರನಿಗೂ ಹೆಸರುಂಟು. ನಮ್ಮ ರಾಜ್ಯ ಸರ್ಕಾರವೇ ‘ಮಾಹಿತಿ ಕಣಜ’ ಎಂಬ ಜಾಲತಾಣವನ್ನು ತೆರೆದು, ಗ್ರಾಮಗ್ರಾಮದ ಯೋಜನೆಗಳ ಮತ್ತು ಫಲಾನುಭವಿಗಳ ವಿವರವನ್ನು ಯಾರು ಬೇಕಾದರೂ ನೋಡುವಂತೆ ಮಾಡಿದೆ. ಗ್ರಾಮಪಂಚಾಯತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆದು ಖರ್ಚುವೆಚ್ಚವನ್ನು ಜನರೆದುರು ಓದುತ್ತಾರೆ. ಸತ್ತವರ ಹೆಸರಿನ ಪಿಂಚಣಿ, ಇಲ್ಲದ ಮನೆಯ ಬಿಲ್ಲು ಹಿಡಿಯಲ್ಪಡುವುದು ಹೀಗೆ ಹೆಸರು ಓದಿದಾಗಲೇ. ಹೆಸರನ್ನು ಮರೆಮಾಡಿದರೆ ರಾಜಸ್ಥಾನದ ಆ ಹಾಜರಿಪಟ್ಟಿಯಿಂದ ಯಾವ ಸತ್ಯವೂ ಹೊರಬೀಳುತ್ತಿರಲಿಲ್ಲ. ಪುಟ್ಟಸ್ವಾಮಿಯವರು ಖಾಸಗಿತನದ ಹಕ್ಕನ್ನು ಗೆದ್ದದ್ದು ಪ್ರಭುತ್ವದಿಂದ ಪ್ರಜೆಯ ರಕ್ಷಣೆಗಾಗಿ. ಅದೇ ಹಕ್ಕನ್ನು ಮುಂದೊಡ್ಡಿ ಪ್ರಭುತ್ವವು ಪ್ರಜೆಯಿಂದ ತನ್ನನ್ನು ಮರೆಸಿಕೊಳ್ಳುವುದಾದರೆ ಅದು ಆ ವೃದ್ಧರ ವ್ಯಾಜ್ಯಕ್ಕೆ ಮಾಡುವ ಅಪಚಾರವೇ ಆಗುತ್ತದೆ.

ಕೇಳುವವನಿಗೂ ಒಂದು ಖಾಸಗಿತನವುಂಟೆಂಬುದನ್ನು ಇಲ್ಲಿ ಹೇಳದಿರಲಾಗದು. ಹಳ್ಳಿಯಲ್ಲಿ ಅರ್ಜಿ ಕೊಟ್ಟವನಿಗೆ ಉತ್ತರ ಬರುವುದಕ್ಕೆ ಮುಂಚೆಯೇ, ಅವನು ಅರ್ಜಿ ಕೊಟ್ಟ ಸುದ್ದಿ ಗುತ್ತಿಗೆದಾರನ ಕಿವಿಗೆ ಬಿದ್ದಿರುತ್ತದೆ. ಈ ಕಾರಣದಿಂದ ದೇಶದ ಅನೇಕ ಕಡೆ ಅರ್ಜಿದಾರರು ಪ್ರಾಣವನ್ನೇ ಕಳೆದುಕೊಂಡಿದ್ದಾರೆ. ಉತ್ತರವನ್ನು ತಲುಪಿಸಲು ಬೇಕಾದಷ್ಟೇ ವಿಳಾಸ ಸಾಕು, ಅಂಚೆಪೆಟ್ಟಿಗೆಯ ಸಂಖ್ಯೆ ಕೊಟ್ಟರೂ ಅರ್ಜಿಯನ್ನು ಸ್ವೀಕರಿಸಬೇಕೆಂದು ಕಲ್ಕತ್ತಾ ಉಚ್ಚ ನ್ಯಾಯಾಲಯವು 2013ರಲ್ಲಿ ಹೇಳಿದೆ. ಕೇಳುವ ಹಕ್ಕನ್ನು ಜೀವನೋಪಾಯವನ್ನಾಗಿ ಮಾಡಿಕೊಂಡು ಅಧಿಕಾರಿಗಳನ್ನು ಬೆದರಿಸುವ ಕೆಲವರೂ ನಮ್ಮ ನಡುವೆ ಇಲ್ಲದಿಲ್ಲ. ಅವರ ಕಾಟಕ್ಕೆ ಕಾನೂನನ್ನು ಕುಂಠಿತಗೊಳಿಸುವುದು ಮದ್ದಲ್ಲ. ಅವರು ಕೇಳಿ ಹೆದರಿಸುವ ಕಾಗದವನ್ನು ಮೊದಲೇ ಪ್ರಕಟಿಸಿಬಿಟ್ಟರೆ ಅವರ ವ್ಯಾಪಾರಕ್ಕೆ ಬಂಡವಾಳವೇ ಉಳಿಯದು.

ತಿದ್ದುಪಡಿಯು ಎಲ್ಲವನ್ನೂ ಕಸಿದುಕೊಂಡಿಲ್ಲ. ಅಧಿನಿಯಮದ 8(2)ನೆಯ ಕಲಮು ಇನ್ನೂ ಊರ್ಜಿತದಲ್ಲಿದೆ. ಬಹಿರಂಗಪಡಿಸುವುದರಿಂದಾಗುವ ಸಾರ್ವಜನಿಕ ಹಿತವು ಸಂರಕ್ಷಿತ ಹಿತಕ್ಕೆ ಆಗುವ ಹಾನಿಯನ್ನು ಮೀರುವುದಾದರೆ, ವಿನಾಯಿತಿಯಿರುವ ಮಾಹಿತಿಯನ್ನೂ ಕಚೇರಿಯು ಕೊಡಬಹುದೆಂದು ಅದು ಹೇಳುತ್ತದೆ. ತೂಗಿ ನೋಡುವ ಹೊಣೆ ಮೊದಲು ಅಧಿಕಾರಿಯ ಮೇಲೆ ಇತ್ತು. ಈಗ ತೂಗಿರೆಂದು ಕೇಳುವ ಹೊಣೆ ಬಹುಮಟ್ಟಿಗೆ ನಮ್ಮ ಮೇಲೆ ಬಂದಿದೆ. ಆದಕಾರಣ ಭಟ್ಕಳ, ಹೊನ್ನಾವರ, ಕುಮಟಾದ ಓದುಗರಲ್ಲಿ ನನ್ನದೊಂದು ವಿಜ್ಞಾಪನೆ. ಕಾರಣ ಹೇಳಬೇಕಾಗಿಲ್ಲವೆಂದು ಕಾನೂನು ಹೇಳಿದರೂ, ಯಾರದಾದರೂ ಹೆಸರು ಬರುವಂಥ ಕಾಗದವನ್ನು ಕೇಳುವಾಗ, ಅದರಲ್ಲಿ ಸಾರ್ವಜನಿಕ ಹಿತವೇನಿದೆಯೆಂಬುದನ್ನು 8(2)ನೆಯ ಕಲಮನ್ನು ಹೆಸರಿಸಿ ಅರ್ಜಿಯಲ್ಲೇ ಎರಡು ವಾಕ್ಯ ಬರೆಯಿರಿ. 150 ಪದಗಳಲ್ಲಿ ಅದಕ್ಕೆ ಸ್ಥಳವುಂಟು. ನಿಮಗೆ ಬೇಕಿಲ್ಲದ ಆಧಾರ್ ಸಂಖ್ಯೆ, ಫೋನು, ಕಾಯಿಲೆಯ ವಿವರ ಇವನ್ನು ಮುಚ್ಚಿಯೇ ಪ್ರತಿ ಕೊಡಿರೆಂದು ನೀವೇ ಬರೆಯಿರಿ. 10ನೆಯ ಕಲಮು ಅದಕ್ಕೆ ಅವಕಾಶ ಕೊಡುತ್ತದೆ. ಅಷ್ಟಾಗಿಯೂ ‘ವೈಯಕ್ತಿಕ’ ಎಂಬ ಒಂದೇ ಶಬ್ದದ ಉತ್ತರ ಬಂದರೆ, ಆ ದಿನದಿಂದ 30 ದಿನಗಳೊಳಗೆ ಮೇಲ್ಮನವಿಯನ್ನು ಸಲ್ಲಿಸಲು ಮರೆಯಬೇಡಿ.